ಅಪ್‌ಡೇಟ್ ಆದ ಮೇಲೆ ಪರದೆ ಯಾಕೆ ಕಪ್ಪಾಯ್ತು? ಲಿನಕ್ಸ್ ಡೆಸ್ಕ್‌ಟಾಪಿನ ನಲವತ್ತು ವರ್ಷದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆನೂ ಇಲ್ಲ. ಒಂದು ಕಪ್ಪು ಪರದೆಯ ಕಥೆ ಇದೆ.

ನಾನು ಪಾಡ್‌ಕಾಸ್ಟ್ ಶುರುಮಾಡಿದ ಹೊಸತು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್. ತತ್ವ ಗಿತ್ವ ಏನಲ್ಲ, ಬೇರೆ ಸಾಫ್ಟ್‌ವೇರಿಗೆ ಕೊಡೋಕೆ ದುಡ್ಡಿರಲಿಲ್ಲ ಅಷ್ಟೇ. ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಒಂದು ಗಂಟೆ ಮಾತಾಡೋಕೆ ಒಪ್ಪಿದ್ದರು. ವಿಡಿಯೋ ಕಾಲ್‌ನಲ್ಲಿ ಹಳೇ ನಕಾಶೆಗಳನ್ನು ತೋರಿಸಿ, ಅವರ ಬಾಯಿಂದಲೇ ವಿವರಣೆ ತಗೊಳ್ಳೋದು ನನ್ನ ಪ್ಲ್ಯಾನ್. ಸ್ಕ್ರೀನ್ ಶೇರ್ ಒತ್ತಿದೆ. "ಏನೂ ಕಾಣ್ತಿಲ್ಲಪ್ಪ, ಬರೀ ಕಪ್ಪು" ಅಂದ್ರು. ಮತ್ತೆ ಒತ್ತಿದೆ, ಮತ್ತೆ ಕಪ್ಪು. ಹಿಂದಿನ ವಾರ ಇದೇ ಆ್ಯಪ್, ಇದೇ ಲ್ಯಾಪ್‌ಟಾಪ್ ಸರಿಯಾಗೇ ಇತ್ತು. ಮಧ್ಯದಲ್ಲಿ ಆಗಿದ್ದು ಒಂದೇ: ಹಿಂದಿನ ರಾತ್ರಿ ನಾನು ದೊಡ್ಡ ಸಿಸ್ಟಮ್ ಅಪ್‌ಡೇಟ್ ಹಾಕಿ ಮಲಗಿದ್ದೆ. ಆ ಸಂದರ್ಶನ ಅಲ್ಲಿಗೇ ನಿಂತಿತು. ಮೇಷ್ಟ್ರು ಬೈಯಲಿಲ್ಲ, "ಇನ್ನೊಂದಿನ ನೋಡೋಣ ಬಿಡಪ್ಪ" ಅಂದ್ರು. ಅದು ಬೈದಿದ್ದಕ್ಕಿಂತ ಜಾಸ್ತಿ ಚುಚ್ಚಿತು.

ನಾನು ಓದಿದ್ದು ಬಿಕಾಂ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ಮೊದಲು ಕೇಳೋ ಪ್ರಶ್ನೆ, ಕೊನೇ ಸಲ ಟ್ಯಾಲಿ ಆದಮೇಲೆ ಯಾವ ಎಂಟ್ರಿ ಬಿತ್ತು ಅನ್ನೋದು. ಆ ಎಂಟ್ರಿ ಹುಡುಕ್ತಾ ಹೋದೆ. ಅದು ನನ್ನನ್ನು 1984ಕ್ಕೆ ಕರ್ಕೊಂಡು ಹೋಯ್ತು.

ವಠಾರದ ಕಾಲ

1983ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರಾಜೆಕ್ಟ್ ಅಥೀನಾ ಅಂತ ಒಂದು ಯೋಜನೆ ಶುರುವಾಯ್ತು. ಜೊತೆಗೆ ಡಿಇಸಿ ಮತ್ತು ಐಬಿಎಂ ಕಂಪನಿಗಳಿದ್ದವು. ಕ್ಯಾಂಪಸ್ಸಿನ ವಿದ್ಯಾರ್ಥಿಗಳಿಗೆಲ್ಲ ಕಂಪ್ಯೂಟರ್ ಸಿಗಬೇಕು, ಯಾವ ಕಂಪನಿಯ ಮಷೀನ್ ಆದ್ರೂ ಒಂದೇ ಥರ ಕೆಲಸ ಮಾಡಬೇಕು ಅನ್ನೋದು ಉದ್ದೇಶ. ಅದಕ್ಕೆ ಪರದೆಯ ಮೇಲೆ ಕಿಟಕಿಗಳನ್ನು ಬಿಡಿಸೋ ಒಂದು ವ್ಯವಸ್ಥೆ ಬೇಕಿತ್ತು. 1984ರಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಅದನ್ನು ಕಟ್ಟಿದರು. ಸ್ಟ್ಯಾನ್‌ಫರ್ಡ್‌ನಿಂದ ಬಂದಿದ್ದ ಹಳೇ ವ್ಯವಸ್ಥೆಯ ಹೆಸರು 'ಡಬ್ಲ್ಯು'. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಅದರ ಮುಂದಿನದು 'ಎಕ್ಸ್'. ಹಾಗಾಗಿ ಹೊಸದಕ್ಕೆ ಎಕ್ಸ್ ಅಂತಲೇ ಹೆಸರು.

1987ರ ಸೆಪ್ಟೆಂಬರ್‌ನಲ್ಲಿ ಅದರ ಹನ್ನೊಂದನೇ ಆವೃತ್ತಿ ಬಂತು, ಅದೇ ಎಕ್ಸ್11. ಹನ್ನೆರಡನೆಯದು ಬರಲೇ ಇಲ್ಲ. ಲಿನಕ್ಸ್ ಹುಟ್ಟಿದ್ದು 1991ರಲ್ಲಿ. ಅದಕ್ಕೂ ಮೊದಲಿನ ಈ ಎಕ್ಸ್ ಅದರ ಡೆಸ್ಕ್‌ಟಾಪಿನ ಬುನಾದಿ ಆಯ್ತು.

ಎಕ್ಸ್ ಹೇಗೆ ಕೆಲಸ ಮಾಡುತ್ತೆ? ಹಳೇ ಬೆಂಗಳೂರಿನ ವಠಾರ ನೆನಪು ಮಾಡ್ಕೊಳ್ಳಿ. ಮುಂದಿನ ಗೇಟಿಗೆ ಬೀಗ ಇದೆ, ಹೊರಗಿನವರು ಸುಮ್ಮನೆ ನುಗ್ಗೋ ಹಾಗಿಲ್ಲ. ಒಳಗೆ ಬಂದ ಮೇಲೆ ಎಲ್ಲ ಮನೆ ಬಾಗಿಲೂ ತೆಗೆದೇ ಇರುತ್ತೆ. ಯಾರ ಮನೇಲಿ ಏನು ಸಾರು, ಯಾರ ಮನೇಲಿ ಜಗಳ, ಎಲ್ಲರಿಗೂ ಗೊತ್ತು. ಎಕ್ಸ್‌ನಲ್ಲೂ ಅಷ್ಟೇ. ಒಂದು ಪ್ರೋಗ್ರಾಮ್ ಒಳಗೆ ಬಂತು ಅಂದ್ರೆ ಇಡೀ ಪರದೆಯ ಚಿತ್ರ ತೆಗೀಬಹುದು. ಬೇರೆ ಕಿಟಕಿಯಲ್ಲಿ ನೀವು ಒತ್ತೋ ಕೀಗಳನ್ನು ಓದಬಹುದು. ನಿಮ್ಮ ಪರವಾಗಿ ತಾನೇ ಕೀ ಒತ್ತಬಹುದು.

ಎಂಬತ್ತರ ದಶಕದಲ್ಲಿ ಇದು ತಪ್ಪು ಅನ್ನಿಸಲಿಲ್ಲ. ಒಂದೇ ಕ್ಯಾಂಪಸ್ಸಿನ ಜನ, ಒಬ್ಬರನ್ನೊಬ್ಬರು ನಂಬೋರು. ಆಮೇಲೆ ಇಂಟರ್ನೆಟ್ ಬಂತು, ಎಲ್ಲಿಂದಲೋ ಡೌನ್‌ಲೋಡ್ ಮಾಡೋ ಆ್ಯಪ್‌ಗಳು ಬಂದವು, ನೆಟ್ ಬ್ಯಾಂಕಿಂಗ್ ಬಂತು. ವಠಾರದ ಬಾಗಿಲು ಮಾತ್ರ ಹಾಗೇ ತೆಗೆದಿತ್ತು. 2011ರಲ್ಲಿ ಭದ್ರತಾ ಸಂಶೋಧಕಿ ಯೋಆನ್ನಾ ರುಟ್ಕೋವ್‌ಸ್ಕಾ ಇದನ್ನು ಎಲ್ಲರಿಗೂ ಅರ್ಥ ಆಗೋ ಹಾಗೆ ತೋರಿಸಿದರು. ಲಿನಕ್ಸ್‌ನಲ್ಲೇ ಸಿಗೋ ಒಂದು ಸಾಮಾನ್ಯ ಕಮಾಂಡ್ ಸಾಕು, ಬೇರೆ ಕಿಟಕಿಯಲ್ಲಿ ಟೈಪ್ ಮಾಡಿದ್ದು ಇಲ್ಲಿ ಬಂದು ಬೀಳುತ್ತೆ. ಅದಕ್ಕೆ ಹ್ಯಾಕರ್ ಆಗಬೇಕಾಗಿಲ್ಲ.

ಅಪಾರ್ಟ್‌ಮೆಂಟಿನ ಕಾಲ

2008ರಲ್ಲಿ ರೆಡ್ ಹ್ಯಾಟ್‌ನಲ್ಲಿದ್ದ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಹೊಸದೊಂದು ಶುರುಮಾಡಿದರು. ಮ್ಯಾಸಚೂಸೆಟ್ಸ್‌ನ ವೇಲ್ಯಾಂಡ್ ಅನ್ನೋ ಊರಿನ ಮೂಲಕ ಕಾರಲ್ಲಿ ಹೋಗ್ತಿದ್ದಾಗ ಐಡಿಯಾ ಹೊಳೆದಿದ್ದಕ್ಕೆ ಅದೇ ಹೆಸರಿಟ್ಟರು. 2012ರ ಅಕ್ಟೋಬರ್‌ನಲ್ಲಿ ವೇಲ್ಯಾಂಡ್ 1.0 ಬಂತು.

ಇದು ಅಪಾರ್ಟ್‌ಮೆಂಟ್. ಪ್ರತಿ ಮನೆಗೂ ಬಾಗಿಲು, ಬಾಗಿಲಿಗೆ ಬೀಗ. ಒಂದು ಆ್ಯಪ್‌ಗೆ ತನ್ನ ಕಿಟಕಿ ಮಾತ್ರ ಗೊತ್ತು, ಪಕ್ಕದ್ದು ಕಾಣಲ್ಲ. ಹಾಗಾದ್ರೆ ಸ್ಕ್ರೀನ್ ಶೇರ್ ಮಾಡೋದು ಹೇಗೆ? ವಾಚ್‌ಮನ್ ಇಂಟರ್‌ಕಾಮ್‌ನಲ್ಲಿ ಕೇಳ್ತಾನಲ್ಲ, "ಸಾರ್, ಯಾರೋ ಬಂದಿದಾರೆ, ಕಳಿಸ್ಲಾ?" ಅಂತ, ಹಾಗೆ. ಆ ವಾಚ್‌ಮನ್ ಹೆಸರು ಪೋರ್ಟಲ್. ಆ್ಯಪ್ ಪೋರ್ಟಲ್ ಹತ್ರ ಹೋಗಿ ಕೇಳಬೇಕು, ಪೋರ್ಟಲ್ ನಿಮ್ಮನ್ನು ಕೇಳುತ್ತೆ, ನೀವು ಯಾವ ಕಿಟಕಿ ಅಂತ ಆರಿಸಿ ಹೂಂ ಅಂದ್ರೆ ಮಾತ್ರ ಚಿತ್ರ ಹೊರಗೆ ಹೋಗುತ್ತೆ. ಆ ಚಿತ್ರವನ್ನು ಸಾಗಿಸೋ ಕೊಳವೆ ಪೈಪ್‌ವೈರ್, ವಿಮ್ ಟೇಮನ್ಸ್ ಶುರುಮಾಡಿದ್ದು.

ನನ್ನ ಕಪ್ಪು ಪರದೆಯ ಗುಟ್ಟು ಇಲ್ಲೇ ಇದೆ. ನನ್ನ ವಿಡಿಯೋ ಕಾಲ್ ಆ್ಯಪ್ ವಠಾರದ ಕಾಲದ್ದು. ವಾಚ್‌ಮನ್ ಇದಾನೆ ಅಂತಲೇ ಅದಕ್ಕೆ ಗೊತ್ತಿಲ್ಲ. ಹಳೇ ಆ್ಯಪ್‌ಗಳಿಗಾಗಿ ಎಕ್ಸ್‌ವೇಲ್ಯಾಂಡ್ ಅಂತ ಒಂದು ಏರ್ಪಾಡು ಇರುತ್ತೆ. ಹಾಗಾಗಿ ಆ್ಯಪ್ ಓಪನ್ ಆಗುತ್ತೆ, ಮಾತು ಕೇಳಿಸುತ್ತೆ, ಎಲ್ಲ ಸರಿ ಇದೆ ಅನ್ನಿಸುತ್ತೆ. ಅದು ಹಳೇ ಅಭ್ಯಾಸದಂತೆ ನೇರವಾಗಿ ಇಡೀ ಪರದೆ ನೋಡೋಕೆ ಹೋಗುತ್ತೆ, ಅಲ್ಲಿ ಏನೂ ಇರಲ್ಲ. ಆ ಕತ್ತಲನ್ನೇ ಮೇಷ್ಟ್ರಿಗೆ ಕಳಿಸಿತ್ತು. ಅಂದ್ರೆ ನನ್ನ ಆ್ಯಪ್ ಬದಲಾಗಿರಲಿಲ್ಲ. ಅಪ್‌ಡೇಟ್ ಅದರ ಕಾಲಡಿಯ ನೆಲ ಬದಲಿಸಿತ್ತು.

ಮುಂದೆ ಹೋಗಿ, ಹಿಂದೆ ಬಂದು

ಈ ತೊಂದರೆ ದೊಡ್ಡವರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. 2016ರ ನವೆಂಬರ್‌ನಲ್ಲಿ ಫೆಡೋರಾ 25 ವೇಲ್ಯಾಂಡನ್ನು ಡೀಫಾಲ್ಟ್ ಮಾಡಿತು. 2017ರ ಅಕ್ಟೋಬರ್‌ನಲ್ಲಿ ಉಬುಂಟು 17.10 ಅದೇ ದಾರಿ ಹಿಡೀತು. ಆದರೆ 2018ರ ಏಪ್ರಿಲ್‌ನ 18.04ರಲ್ಲಿ ಉಬುಂಟು ಮತ್ತೆ ಎಕ್ಸ್‌ಗೇ ವಾಪಸ್ ಬಂತು. ಅದು ವರ್ಷಗಟ್ಟಲೆ ಬಳಸೋ ಆವೃತ್ತಿ, ಆಫೀಸುಗಳಲ್ಲಿ ಕೂರೋದು. ಅವರು ಕೊಟ್ಟ ಕಾರಣ ಮೂರು. ಸ್ಕ್ರೀನ್ ಶೇರಿಂಗ್ ಇನ್ನೂ ಸರಿ ಇಲ್ಲ. ದೂರದಿಂದ ಕಂಪ್ಯೂಟರ್ ನಡೆಸೋ ರಿಮೋಟ್ ಡೆಸ್ಕ್‌ಟಾಪ್ ಸರಿ ಇಲ್ಲ. ಮೂರನೆಯದು, ಡೆಸ್ಕ್‌ಟಾಪಿನ ಶೆಲ್ ಕುಸಿದರೆ ಎಕ್ಸ್‌ನಲ್ಲಿ ಅದೊಂದೇ ಮತ್ತೆ ಶುರುವಾಗಿ ಕಿಟಕಿಗಳು ಉಳೀತವೆ. ವೇಲ್ಯಾಂಡ್‌ನಲ್ಲಿ ಸೇವ್ ಮಾಡದ ಕೆಲಸವೆಲ್ಲ ಹೋಗುತ್ತೆ.

ಆಮೇಲೆ 2020 ಬಂತು. ಲಾಕ್‌ಡೌನ್, ಆನ್‌ಲೈನ್ ಕ್ಲಾಸು, ಮನೆಯಿಂದ ಕೆಲಸ. ಸ್ಕ್ರೀನ್ ಶೇರ್ ಅನ್ನೋದು ಅಡುಗೆಮನೆ ನಲ್ಲಿಯಷ್ಟೇ ಅಗತ್ಯ ಆಯ್ತು. 2021ರ ಏಪ್ರಿಲ್‌ನಲ್ಲಿ ಉಬುಂಟು 21.04 ಮತ್ತೆ ವೇಲ್ಯಾಂಡ್‌ಗೆ ಹೋಯ್ತು. 2025ರ ಅಕ್ಟೋಬರ್‌ನ 25.10ರಲ್ಲಿ ಗ್ನೋಮ್ ಡೆಸ್ಕ್‌ಟಾಪಿಗೆ ಎಕ್ಸ್ ಸೆಷನ್ ಆಯ್ಕೆಯನ್ನೇ ತೆಗೆದರು. 2008ರ ಐಡಿಯಾ ಪೂರ್ತಿ ಮನೆ ಸೇರೋಕೆ ಹದಿನೇಳು ವರ್ಷ.

ಕನ್ನಡ ಟೈಪ್ ಮಾಡೋರಿಗೂ ಇದರ ಬಿಸಿ ತಟ್ಟಿದೆ. ಲಿನಕ್ಸ್‌ನಲ್ಲಿ ನಮ್ಮಲ್ಲಿ ಬಹಳ ಜನ ಐಬಸ್ ಹಾಕಿಕೊಂಡು ಕೆಜಿಪಿ ಅಥವಾ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಟೈಪ್ ಮಾಡ್ತೀವಿ. ನೀವು ಒತ್ತಿದ ಕೀ ಹಿಡಿದು, ಅಕ್ಷರ ಮಾಡಿ, ಆ್ಯಪ್‌ಗೆ ಕೊಡೋದು ಅದರ ಕೆಲಸ. ಹಿಂದೆ ಅದಕ್ಕೊಂದು ದಾರಿ ಇತ್ತು, ಈಗ ಬೇರೆ ದಾರಿ. ಕೆಡಿಇ ಪ್ಲಾಸ್ಮಾ ಬಳಸೋರು ವೇಲ್ಯಾಂಡ್‌ಗೆ ಬಂದ ಮೇಲೆ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ವಿಭಾಗದಲ್ಲಿ 'ಐಬಸ್ ವೇಲ್ಯಾಂಡ್' ಆರಿಸಬೇಕು. ಕನ್ನಡ ಟೈಪ್ ಮಾಡೋಕೆ ಅಲ್ಲಿಗೆ ಹೋಗಬೇಕು ಅಂತ ಯಾರಿಗೆ ಹೊಳೆಯುತ್ತೆ ಹೇಳಿ!

ನಿಮಗೂ ಹೀಗಾದ್ರೆ

ಗಾಬರಿಯಲ್ಲಿ ಸಿಕ್ಕ ಸಿಕ್ಕ ಕಮಾಂಡ್ ಹೊಡೀಬೇಡಿ. ನಾನು ಹೊಡೆದು ಕೆಟ್ಟಿದೀನಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಮೊದಲು, ಯಾವುದು ಬದಲಾಯ್ತು ನೋಡಿ. ಉಬುಂಟು, ಡೆಬಿಯನ್ ಥರದವುಗಳಲ್ಲಿ ಯಾವ ದಿನ ಯಾವ ಪ್ಯಾಕೇಜ್ ಬದಲಾಯ್ತು ಅನ್ನೋ ಲೆಕ್ಕವನ್ನು ಎಪಿಟಿ ತನ್ನ ಹಿಸ್ಟರಿ ಲಾಗ್‌ನಲ್ಲಿ ಬರೆದಿಡುತ್ತೆ. ಅದೇ ನಿಮ್ಮ ಡೇ ಬುಕ್.

ಎರಡು, ಗ್ನೋಮ್ ಇದ್ರೆ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ 'ವಿಂಡೋಯಿಂಗ್ ಸಿಸ್ಟಮ್' ಅನ್ನೋ ಸಾಲು ನೋಡಿ. ವೇಲ್ಯಾಂಡಾ, ಎಕ್ಸ್11ಆ ಗೊತ್ತಾಗುತ್ತೆ.

ಮೂರು, ಎಕ್ಸ್ ಸೆಷನ್ ಇನ್ನೂ ಇರೋ ಆವೃತ್ತಿ ಆದ್ರೆ ಲಾಗ್ ಔಟ್ ಆಗಿ. ಪಾಸ್‌ವರ್ಡ್ ಕೇಳೋ ಪರದೆಯ ಮೂಲೆಯಲ್ಲಿ ಚಿಕ್ಕ ಗಿಯರ್ ಚಿಹ್ನೆ ಇರುತ್ತೆ, ಅಲ್ಲಿ ಎಕ್ಸ್‌ಆರ್ಗ್ ಆರಿಸಿ ಒಳಗೆ ಬನ್ನಿ. ತೊಂದರೆ ಹೋಯ್ತಾ? ಹಾಗಾದ್ರೆ ಕಾರಣ ಸಿಕ್ತು. ಸದ್ಯದ ಕೆಲಸ ಮುಗಿಸಿಕೊಳ್ಳಿ, ಆಮೇಲೆ ಆ್ಯಪ್‌ನ ಹೊಸ ಆವೃತ್ತಿ ಹುಡುಕಿ, ಇಲ್ಲಾಂದ್ರೆ ಅದನ್ನೇ ಬ್ರೌಸರ್‌ನಲ್ಲಿ ಓಪನ್ ಮಾಡಿ. ಬ್ರೌಸರ್‌ಗಳು ವಾಚ್‌ಮನ್‌ನ ಮಾತಾಡಿಸೋದು ಕಲಿತಿವೆ.

ನಾಲ್ಕು, ತೊಂದರೆ ಅಲ್ಲೂ ಉಳಿದ್ರೆ ಹೊಸ ಯೂಸರ್ ಅಕೌಂಟ್ ಮಾಡಿ ನೋಡಿ. ಅಲ್ಲಿ ಸರಿ ಇದ್ರೆ ತಪ್ಪಿರೋದು ನಿಮ್ಮ ಹಳೇ ಸೆಟ್ಟಿಂಗ್ಸ್‌ನಲ್ಲಿ. ಸಿಸ್ಟಮ್ ಮೇಲೆ ಸಿಟ್ಟಾಗಬೇಡಿ.

ನನಗೆ ಬ್ರೌಸರ್ ದಾರಿ ಕೈಹಿಡೀತು. ಮೊದಲ ಸಲ ಒಂದು ಪುಟ್ಟ ಕಿಟಕಿ ತೆರೆದು, ಯಾವುದನ್ನು ತೋರಿಸ್ಲಿ ಅಂತ ಕೇಳ್ತು. ಆಗ ಹೊಳೀತು, ಇಷ್ಟು ವರ್ಷ ನನ್ನನ್ನು ಯಾರೂ ಕೇಳೇ ಇರಲಿಲ್ಲ. ಅದೇ ಲ್ಯಾಪ್‌ಟಾಪ್‌ನಲ್ಲಿ ನಾನು ಅಪ್ಪನ ಪೆನ್ಷನ್ ಅಕೌಂಟ್ ನೋಡ್ತಿದ್ದೆ, ಪಾಸ್‌ವರ್ಡ್ ಟೈಪ್ ಮಾಡ್ತಿದ್ದೆ. ಎಲ್ಲ ಬಾಗಿಲೂ ತೆಗೆದ ವಠಾರದಲ್ಲಿ.

ಹಾಗಂತ ನನ್ನ ಸಿಟ್ಟು ಸುಳ್ಳಲ್ಲ. ಬಾಗಿಲಿಗೆ ಬೀಗ ಹಾಕಿದ್ದು ಸರಿ. ಮನೆಯವರಿಗೆ ಹೇಳದೆ ರಾತ್ರೋರಾತ್ರಿ ಹಾಕಿದ್ದು ಸರಿಯಲ್ಲ. "ನಿಮ್ಮ ಹಳೇ ಆ್ಯಪ್‌ನಲ್ಲಿ ಸ್ಕ್ರೀನ್ ಶೇರ್ ನಿಲ್ಲಬಹುದು" ಅನ್ನೋ ಒಂದು ಸಾಲು ಅಪ್‌ಡೇಟ್ ಕಿಟಕಿಯಲ್ಲಿ ನನ್ನ ಕಣ್ಣಿಗೆ ಬಿದ್ದಿದ್ರೆ ನಾನು ಆ ರಾತ್ರಿ ಬಟನ್ ಒತ್ತುತ್ತಿರಲಿಲ್ಲ.

ಮೇಷ್ಟ್ರು ಎರಡು ವಾರ ಬಿಟ್ಟು ಮತ್ತೆ ಟೈಮ್ ಕೊಟ್ಟರು. ನಕಾಶೆ ಕಾಣಿಸ್ತು. ಅವತ್ತಿಂದ ಒಂದು ನಿಯಮ ಇಟ್ಕೊಂಡಿದೀನಿ, ರೆಕಾರ್ಡಿಂಗ್ ಹಿಂದಿನ ರಾತ್ರಿ ಅಪ್‌ಡೇಟ್ ಇಲ್ಲ. ಆದರೆ ಅಪ್‌ಡೇಟ್ ಹಾಕದೆ ಇರೋದಿಲ್ಲ. ರೆಕಾರ್ಡಿಂಗ್ ಮುಗಿದ ಮಾರನೇ ದಿನ, ಬ್ಯಾಕಪ್ ತಗೊಂಡು, ಕಾಫಿ ಮಾಡ್ಕೊಂಡು ಕೂತು ಹಾಕ್ತೀನಿ.

ನಿಮ್ಮ ಸಿಸ್ಟಮ್ ಅಪ್‌ಡೇಟ್ ಆದಮೇಲೆ ಏನು ಕೈಕೊಟ್ಟಿತು, ನೀವು ಹೇಗೆ ಹುಡುಕಿದ್ರಿ, ವಾಯ್ಸ್ ನೋಟ್ ಮಾಡಿ ಕಳಿಸಿ.