ಮಾಘ–ಫಾಲ್ಗುಣದ ಅಳಿವೆ ಮೀನುಗಾರಿಕೆ

ಕರ್ನಾಟಕದ ಕರಾವಳಿಯಲ್ಲಿ ಚಳಿ ಮುಗಿದು ಸೆಕೆ ಹತ್ತುವ ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ, ಅಳಿವೆಗಳಲ್ಲೂ ದಂಡೆಗೆ ಹತ್ತಿರದ ಕಡಲಲ್ಲೂ ನಡೆಯುವ ಮೀನುಗಾರಿಕೆ. ಶೀತ ದೇಶಗಳಲ್ಲಿ ಈ ದಿನಗಳ ಮೀನಿನ ಲೆಕ್ಕ ನೀರಿನ ಶಾಖವನ್ನು ನೋಡಿ ನಡೆಯುತ್ತದೆ. ನಮ್ಮ ಕಡಲಿನ ಮೇಲ್ನೀರು ಜನವರಿಯಲ್ಲೂ 27–28 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿದ್ದು, ಏಪ್ರಿಲ್ ಹೊತ್ತಿಗೆ 30ರ ಸುತ್ತ ಬಂದು ನಿಲ್ಲುತ್ತದೆ. ಶಾಖ ಹೀಗೆ ಹೆಚ್ಚು ಬದಲಾಗದ ಕಾರಣ, ಇಲ್ಲಿ ಅಳಿವೆಯ ಹಂಗಾಮು ತೀರ್ಮಾನವಾಗುವುದು ಉಪ್ಪಿನಿಂದ.

ಮಳೆಗಾಲದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ನದಿಗಳು ಕೆಂಪು ಸಿಹಿನೀರನ್ನು ಕಡಲವರೆಗೂ ನೂಕುತ್ತವೆ. ಹಿಂಗಾರು ನಿಂತ ಮೇಲೆ ಹೊಳೆ ಸೊರಗುತ್ತದೆ. ಆಮೇಲೆ ಪ್ರತಿ ಉಬ್ಬರಕ್ಕೂ ಉಪ್ಪುನೀರು ಸ್ವಲ್ಪಸ್ವಲ್ಪವೇ ಒಳನಾಡಿಗೆ ಏರುತ್ತ ಬರುತ್ತದೆ. ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುವುದು, ಹಳ್ಳಗಳಿಗೆ ಮಣ್ಣಿನ ಒಡ್ಡು ಹಾಕುವುದು ಈ ಉಪ್ಪನ್ನು ತಡೆಯಲೆಂದೇ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಉಪ್ಪಿನ ಪಾತಿಗಳು ಬೆಳ್ಳಗಾಗುವುದೂ ಇದೇ ಕಾಲದಲ್ಲಿ. ರೈತನಿಗೆ ಬೇಡವಾದ ಈ ನೀರಿನ ಜೊತೆಗೇ ಕಾಣೆ, ಸಿಗಡಿ, ಏಡಿಗಳು ಹೊಳೆಯೊಳಗೆ ಬರುತ್ತವೆ.

ಉಬ್ಬರ ಇಳಿತಗಳು ದಿನಕ್ಕೆ ಎರಡು ಬಾರಿ ಬರುತ್ತವೆ. ಹೊತ್ತು ಮಾತ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರದಲ್ಲಿ ಕಾರವಾರದ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ. ತೆಂಕಣಕ್ಕೆ ಹೋದಂತೆ ಇದು ತಗ್ಗುತ್ತದೆ, ಮಂಗಳೂರಿನಲ್ಲಿ ಇನ್ನೂ ಕಡಿಮೆ. ಅಷ್ಟಮಿಯ ಹೊತ್ತಿಗೆ ಸೆಳೆತ ಸತ್ತು ಬಲೆಗೆ ಕೆಲಸ ಕಡಿಮೆ. ಹಗಲು ರಾತ್ರಿ ಸಮವಾಗುವ ಮಾರ್ಚ್ 20ರ ಆಸುಪಾಸಿನ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರ ಇಳಿತ ಎರಡೂ ಜೋರು. ಬೀಸುಬಲೆಯವರು ಏರುನೀರನ್ನು ನೆಚ್ಚುತ್ತಾರೆ. ಗೂಟಕ್ಕೆ ಚೀಲದಂಥ ಬಲೆ ಕಟ್ಟುವವರಿಗೆ ಇಳಿಯುವ ನೀರು ಬೇಕು. ಹೊಳೆಯಲ್ಲಿ ಬೆಳೆದ ಸಿಗಡಿ ಕಡಲಿಗೆ ಮರಳುವುದು ಆ ಸೆಳೆತದಲ್ಲಿ, ಅದರಲ್ಲೂ ರಾತ್ರಿ ಹೊತ್ತು.

ಉಪ್ಪಿನ ಪಾತ್ರ ಎಷ್ಟು ದೊಡ್ಡದೆಂದು ತಿಳಿಯಲು ಉತ್ತರ ಕನ್ನಡದ ಎರಡು ಅಳಿವೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ತದಡಿಯಲ್ಲಿ ಕಡಲು ಸೇರುವ ಅಘನಾಶಿನಿಗೂ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೂ ನಡುವೆ ಮೂವತ್ತು ಕಿಲೋಮೀಟರ್ ಅಂತರವೂ ಇಲ್ಲ. ಅಘನಾಶಿನಿಗೆ ಅಣೆಕಟ್ಟಿಲ್ಲ, ಅದರ ಉಪ್ಪು ಮಳೆಯ ಲೆಕ್ಕದಂತೆ ಏರಿ ಇಳಿಯುತ್ತದೆ. ಮಳೆಗಾಲದಲ್ಲಿ ಕುಗ್ಗಿದ ಬಳಚು ಎಂಬ ಚಿಪ್ಪಿನ ಜೀವಿ ಬೇಸಿಗೆಯ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತದೆ. ಇಳಿತದಲ್ಲಿ ಬಯಲಾಗುವ ಮರಳು ದಿಬ್ಬಗಳ ಮೇಲೂ ಅವುಗಳ ಸುತ್ತ ಸೊಂಟದವರೆಗಿನ ನೀರಿಗಿಳಿದೂ ಹೆಂಗಸರು ಗಂಡಸರು ಅದನ್ನು ಆರಿಸುತ್ತಾರೆ. ದಕ್ಷಿಣ ಕನ್ನಡದಲ್ಲಿ ಇದಕ್ಕೆ ಮರುವಾಯಿ ಎನ್ನುತ್ತಾರೆ. ಬಳಚಿನಲ್ಲೂ ಬಗೆಗಳಿವೆ. ಕಪ್ಪು ಚಿಪ್ಪಿನದು ಉಪ್ಪು ಕಡಿಮೆಯಿರುವ ಮೇಲ್ಭಾಗದಲ್ಲಿ, ಉಪ್ಪು ಬಯಸುವವು ಅಳಿವೆಬಾಯಿಯ ಹತ್ತಿರ. ಈ ಅಳಿವೆ ಜೌಗು ನೆಲಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು.

ಶರಾವತಿಯ ಕಥೆಯೇ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲೂ ಇನ್ನೊಂದು. ವಿದ್ಯುತ್ ಯಂತ್ರಗಳನ್ನು ತಿರುಗಿಸಿದ ಸಿಹಿನೀರು ಬೇಸಿಗೆಯಲ್ಲೂ ಹೊಳೆಗೆ ಹರಿಯುತ್ತಲೇ ಇರುತ್ತದೆ, ಉಪ್ಪು ಏರಬೇಕಾದ ತಿಂಗಳುಗಳಲ್ಲಿ ಏರುವುದಿಲ್ಲ. ಉಪ್ಪು ಬಯಸುವ ಚಿಪ್ಪಿನ ಜೀವಿಗಳು ಇಲ್ಲಿ ಅಘನಾಶಿನಿಯಷ್ಟು ನೆಲೆ ಕಾಣದಿರಲು ಇದೇ ಮುಖ್ಯ ಕಾರಣ. ನದಿಯಲ್ಲಿ ನೀರು ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಂಬಿದ ಒಳನಾಡಿನವರು ಈ ಮಾತನ್ನು ತಿಳಿದಿರಬೇಕು: ಅಳಿವೆಗೆ ಹೊತ್ತಲ್ಲದ ಹೊತ್ತಿನ ಸಿಹಿನೀರು ಬರಗಾಲದಷ್ಟೇ ಕೆಟ್ಟದ್ದು.

ದಂಡೆಯಾಚೆಯ ಕಡಲು ಈಗ ಬಹುಮಟ್ಟಿಗೆ ಶಾಂತ. ನಸುಕಿನಲ್ಲಿ ನೆಲದ ಕಡೆಯಿಂದ ಮೂಡಣ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ. ನಾಡದೋಣಿಗಳು ಒಂದನ್ನು ಹಿಡಿದು ಹೊರಟು ಇನ್ನೊಂದು ಬಲಿಯುವ ಮುಂಚೆ ಮರಳಲು ನೋಡುತ್ತವೆ. ಆದರೂ ಕೆಲವು ದಿನ, ಇಲ್ಲಿ ಎಲೆ ಅಲ್ಲಾಡದಿದ್ದರೂ ವಾಯವ್ಯದಿಂದ ಉದ್ದನೆಯ ಅಲೆಗಳು ಬಂದು ದಂಡೆಗೆ ಬಡಿಯುತ್ತವೆ. ಇವು ಪರ್ಷಿಯನ್ ಕೊಲ್ಲಿಯ ಕಡೆ ಬೀಸುವ ಶಮಾಲ್ ಗಾಳಿ ಎಬ್ಬಿಸಿದ ಅಲೆಗಳು. ಅಂಥ ದಿನ ಅಳಿವೆಬಾಯಿಯ ಮರಳು ದಿಬ್ಬದ ಮೇಲೆ ನೀರು ಒಡೆಯುವುದರಿಂದ ಸಣ್ಣ ದೋಣಿಗಳಿಗೆ ತುಂಬು ಉಬ್ಬರಕ್ಕೆ ಕಾಯದೆ ದಾರಿಯಿಲ್ಲ.

ಬಂಗುಡೆ, ಬೈಗೆ ಮೀನುಗಳ ದೊಡ್ಡ ಹಂಗಾಮು ಈ ಹೊತ್ತಿಗೆ ಇಳಿಮುಖ. ಹಿಂದೆ ಊರೇ ಸೇರಿ ದಂಡೆಗೆ ಎಳೆಯುತ್ತಿದ್ದ ರಂಪಣಿ ಬಲೆಗೂ ಇದು ಕೊನೆಯ ಸುತ್ತಾಗಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದು ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿಯತೊಡಗಿದ ಮೇಲೆ ರಂಪಣಿ ಮೂಲೆ ಸೇರಿತು. ಈಗ ಉಳಿದಿರುವುದು ಚಿಕ್ಕ ಕೈರಂಪಣಿ.

ಹೊಳೆದಂಡೆಯ ಗಜನಿಗಳಲ್ಲಿ ಮಾತ್ರ ಕೆಲಸ ಈಗ ಏರುಮುಖ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆದ ಈ ತಗ್ಗು ಗದ್ದೆಗಳಿಗೆ ಕೊಯ್ಲಾದ ಮೇಲೆ ಜಂತ್ರಡಿ ಎಂಬ ತೂಬಿನ ಬಾಗಿಲು ತೆರೆದು ಉಬ್ಬರದ ನೀರು ಬಿಡುತ್ತಾರೆ. ಒಳಬಂದ ಮೀನು ಸಿಗಡಿಗಳು ಕೊಳೆಯುವ ಕಗ್ಗದ ಕೂಳೆಯ ಆಸರೆಯಲ್ಲಿ ಬೆಳೆಯುತ್ತವೆ. ಇಳಿತದಲ್ಲಿ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿ ಹಿಡಿಯುವುದು ಮೇ ತನಕ ನಡೆಯುತ್ತದೆ. ಆಮೇಲೆ ಒಡ್ಡು ಸರಿಮಾಡಿ ಉಪ್ಪುನೀರನ್ನು ಹೊರಗಿಡುತ್ತಾರೆ. ಮೊದಲ ಮಳೆಗಳು ಮಣ್ಣಿನ ಉಪ್ಪು ತೊಳೆದ ಮೇಲೆ ಕಗ್ಗ ಬಿತ್ತುತ್ತಾರೆ.