ಬೇಟೆನಾಯಿಯೂ ಓಟದ ನ್ಯಾಯವೂ

ರಾಯದುರ್ಗ, ಮಡಕಶಿರಾ ಸೀಮೆಯ ನಾವು ಬೇಟೆನಾಯಿ ಎಂದೊಡನೆ ಮುಧೋಳವನ್ನು ಸ್ಮರಿಸುತ್ತೇವೆ. ಅದಕ್ಕೂ ಹಿಂದಿನದು ಆತಕೂರು ಶಾಸನದ ಕಾಳಿ. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನು ಅರಸನಿಂದ ಬೇಡಿ ಪಡೆದ ನಾಯಿಯದು. ಹೆಬ್ಬಂದಿಯೊಡನೆ ಸೆಣಸಿತು, ಎರಡೂ ಜೊತೆಯಾಗಿ ಸತ್ತವು. ಕ್ರಿ.ಶ. 949-50ರ ಆ ಕಲ್ಲು ಹಂದಿಯ ಪರಾಕ್ರಮವನ್ನೂ ಮರೆಮಾಚಿಲ್ಲವೆಂಬುದು ನಮ್ಮ ಮೆಚ್ಚುಗೆ.

ಬೇಟೆಯಲ್ಲಿ ಮೈಮೇಲೆ ಎರಗುವುದೇ ಶೌರ್ಯ. ಓಟದಲ್ಲಿ ಅದೇ ಅಪರಾಧ. ಇಂದಿನ ಹವ್ಯಾಸಿ ಸ್ಪರ್ಧೆಗಳಲ್ಲಿ ಕೃತಕ ಮೊಲವನ್ನು ಬಿಟ್ಟು ಪಕ್ಕದ ನಾಯಿಯ ಮೇಲೆ ಬಿದ್ದ ನಾಯಿ ಕಣದಿಂದ ಹೊರಗೆ. ತಿರುವಿನಲ್ಲಿ ಆಕಸ್ಮಿಕವಾಗಿ ತಾಗಿದ್ದು ಬೇರೆ ಮಾತು. ಅದನ್ನು ಗುರುತಿಸುವುದರಲ್ಲೇ ತೀರ್ಪುಗಾರನ ಕಷ್ಟವಿದೆ. ಕಚ್ಚಾಟ ತಡೆಯಲು, ನಮ್ಮ ಎತ್ತುಗಳಿಗೆ ಕಟ್ಟುವಂತೆ, ನಾಯಿಗೂ ಬಾಯಿಕುಕ್ಕೆ ಹಾಕುವುದುಂಟು. ಒಂದನೆಯ ಎಲಿಜಬೆತ್ ಕಾಲದ ಇಂಗ್ಲೆಂಡಿನ ನಿಯಮವಂತೂ ಜೀವಂತ ಮೊಲಕ್ಕೇ 240 ಗಜ ಮುಂದೋಡುವ ಅವಕಾಶ ಕೊಟ್ಟಿತ್ತು. ಅಂಥ ರಿಯಾಯಿತಿ ಆತಕೂರಿನ ಹಂದಿಗೆ ಸಿಕ್ಕ ಸುಳಿವು ಶಾಸನದಲ್ಲಿಲ್ಲ.