ಲೀಟರಿಗೆ ಎಷ್ಟು ಕೊಡುತ್ತೆ?

ಮನೆಯ ಮುಂದೆ ಹೊಸ ಬೈಕು ಬಂದು ನಿಂತರೆ ಅಕ್ಕಪಕ್ಕದವರು ಅದರ ವೇಗವನ್ನು ಕೇಳುವುದಿಲ್ಲ, ಬಣ್ಣವನ್ನೂ ಕೇಳುವುದಿಲ್ಲ. ‘ಎಷ್ಟು ಕೊಡುತ್ತೆ?’ ಎಂದು ಕೇಳುತ್ತಾರೆ. ಏನನ್ನು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಸು ಎಷ್ಟು ಹಾಲು ಕೊಡುತ್ತದೆ ಎಂಬ ಲೆಕ್ಕದಷ್ಟೇ ಸಹಜವಾಗಿ, ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ನಮ್ಮ ಮಾತಿನಲ್ಲಿ ಸೇರಿಹೋಗಿದೆ.

ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಪೆಟ್ರೋಲಿನ ಬೆಲೆ ಏರಿದಾಗಲೆಲ್ಲ ಜನ ಗೊಣಗುತ್ತಾರೆ, ನಾಲ್ಕು ದಿನ ಗಾಡಿಯನ್ನು ಮನೆಯಲ್ಲೇ ನಿಲ್ಲಿಸುತ್ತಾರೆ, ಮತ್ತೆ ಹೊರಡುತ್ತಾರೆ. ಕಚೇರಿ, ಶಾಲೆ, ಸಂತೆ ಇವೆಲ್ಲ ಇದ್ದಲ್ಲೇ ಇರುವುದರಿಂದ ಓಡಾಟ ಬಹಳ ತಗ್ಗುವುದಿಲ್ಲ. ಆದರೆ ಮುಂದಿನ ಬಾರಿ ಗಾಡಿ ಕೊಳ್ಳುವಾಗ ಆ ಏರಿಕೆಯ ನೆನಪು ಕೆಲಸ ಮಾಡುತ್ತದೆ. ಕಳೆದ ಐವತ್ತು ವರ್ಷಗಳಲ್ಲಿ ನಮ್ಮ ರಸ್ತೆಗಳ ಚಹರೆ ಬದಲಾಗಿರುವುದು ಬಹುಮಟ್ಟಿಗೆ ಹೀಗೆ. ಗಾಡಿ ಬದಲಿಸಲು ಶಕ್ತಿ ಇದ್ದವರು ಬೆಲೆಯ ಹೊಡೆತದಿಂದ ತಪ್ಪಿಸಿಕೊಂಡರು, ಇಲ್ಲದವರು ಅದನ್ನು ಹೊತ್ತರು.

ಇದ್ದಿಲಿನ ಬಸ್ಸು

ಪೆಟ್ರೋಲಿನ ಅಭಾವವನ್ನು ನಾಡು ಮೊದಲು ತೀವ್ರವಾಗಿ ಕಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1942ರಲ್ಲಿ ಬರ್ಮಾ ಜಪಾನೀಯರ ವಶವಾದಾಗ ಅಲ್ಲಿಂದ ಬರುತ್ತಿದ್ದ ತೈಲ ನಿಂತುಹೋಯಿತು. ಇದ್ದ ಪೆಟ್ರೋಲು ಸೇನೆಗೆ ಮೀಸಲು, ಉಳಿದವರಿಗೆ ಪಡಿತರ. ಆಗ ರಸ್ತೆಗೆ ಬಂದದ್ದು ಇದ್ದಿಲು ಗ್ಯಾಸಿನ ಬಸ್ಸು. ಬಸ್ಸಿನ ಹಿಂಬದಿಗೆ ಜೋಡಿಸಿದ ದೊಡ್ಡ ಡ್ರಮ್ಮಿನಲ್ಲಿ ಇದ್ದಿಲು ಉರಿಸಿ, ಅದರಿಂದ ಹೊರಡುವ ಅನಿಲವನ್ನು ಎಂಜಿನ್ನಿಗೆ ಹಾಯಿಸುತ್ತಿದ್ದರು. ಹೊರಡುವುದಕ್ಕೆ ಬಹಳ ಮುಂಚೆಯೇ ಕ್ಲೀನರ್ ಎದ್ದು ಹಿಡಿಕೆ ತಿರುಗಿಸಿ ಬೆಂಕಿಗೆ ಗಾಳಿ ಊದಬೇಕಿತ್ತು. ಎಂಜಿನ್ನಿನ ಶಕ್ತಿ ಕುಗ್ಗುತ್ತಿದ್ದುದರಿಂದ ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುವುದೂ ಇತ್ತು.

ಯುದ್ಧ ಮುಗಿದು ಪೆಟ್ರೋಲು ಮತ್ತೆ ದೊರೆಯತೊಡಗಿದಾಗ ಈ ಡ್ರಮ್ಮುಗಳು ಮಾಯವಾದವು. ಅಭಾವಕ್ಕಾಗಿ ಮಾಡಿಕೊಂಡ ಏರ್ಪಾಡು ಅಭಾವದೊಂದಿಗೇ ಹೋಯಿತು. ಶಾಶ್ವತವಾದ ಬದಲಾವಣೆ ಬರಲು ಇನ್ನೂ ಮೂರು ದಶಕ ಕಾಯಬೇಕಾಯಿತು.

1973ರ ಪೆಟ್ಟು

1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲಿನ ಮೇಲೆ ಯುದ್ಧ ಹೂಡಿದವು. ಇಸ್ರೇಲಿಗೆ ಬೆಂಬಲ ಕೊಟ್ಟ ದೇಶಗಳ ಮೇಲೆ ಒತ್ತಡ ತರಲು ಅರಬ್ ರಾಷ್ಟ್ರಗಳು ತೈಲದ ಉತ್ಪಾದನೆಯನ್ನು ಕಡಿತಗೊಳಿಸಿದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲದ ಬೆಲೆ 1974ರ ಜನವರಿಗೆ 11 ಡಾಲರ್ ದಾಟಿತು.

ಸಿರಿವಂತ ದೇಶಗಳು ಮೊದಲು ಕೈಹಾಕಿದ್ದು ಜನರ ಅಭ್ಯಾಸಕ್ಕೆ. ನೆದರ್ಲೆಂಡ್ಸ್ ಮತ್ತು ಪಶ್ಚಿಮ ಜರ್ಮನಿಗಳಲ್ಲಿ ಭಾನುವಾರ ಕಾರು ಓಡಿಸುವುದನ್ನು ನಿಷೇಧಿಸಲಾಯಿತು. ಅಮೆರಿಕದಲ್ಲಿ ಗಂಟೆಗೆ 55 ಮೈಲಿಯ ವೇಗಮಿತಿ ಬಂತು. ಭಾನುವಾರದ ನಿಷೇಧ ಕೆಲವೇ ವಾರಗಳಲ್ಲಿ ಮುಗಿಯಿತು. ವೇಗಮಿತಿಯನ್ನು ಬಹಳಷ್ಟು ಚಾಲಕರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1995ರಲ್ಲಿ ಅದನ್ನು ರದ್ದು ಮಾಡಲಾಯಿತು. ಉಳಿದುಕೊಂಡದ್ದು ಬೇರೆಯೇ. ಹಡಗಿನಂಥ ಕಾರುಗಳಿಗೆ ಒಗ್ಗಿದ್ದ ಅಮೆರಿಕನ್ನರು ಹೋಂಡಾ, ಟೊಯೊಟಾಗಳಂಥ ಜಪಾನೀ ಕಂಪೆನಿಗಳ ಪುಟ್ಟ ಕಾರುಗಳತ್ತ ತಿರುಗಿದರು. ಡೆಟ್ರಾಯಿಟ್ ನಗರದ ಕಾರು ಕಂಪೆನಿಗಳ ಏಕಸ್ವಾಮ್ಯಕ್ಕೆ ಬಿದ್ದ ಆ ಪೆಟ್ಟು ಮಾಯಲೇ ಇಲ್ಲ.

ಭಾರತದಲ್ಲಿಯೂ ಸರ್ಕಾರ 1973ರ ನವೆಂಬರಿನಲ್ಲಿ ಪೆಟ್ರೋಲಿನ ಬೆಲೆಯನ್ನು ವಿಪರೀತ ಏರಿಸಿತು. ಅದನ್ನು ಪ್ರತಿಭಟಿಸಿ ಜನಸಂಘದ ನಾಯಕ ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದದ್ದು ಇಂದಿಗೂ ಜನರ ನೆನಪಿನಲ್ಲಿದೆ.

ಆಗಿನ ಸರ್ಕಾರದ ತರ್ಕ ಸರಳವಾಗಿತ್ತು. ಪೆಟ್ರೋಲು ಕಾರಿರುವವರ ವಸ್ತು, ಕಾರಿರುವವರು ಉಳ್ಳವರು, ಆದ್ದರಿಂದ ಪೆಟ್ರೋಲಿನ ಮೇಲೆ ತೆರಿಗೆ ಹಾಕಬಹುದು. ಡೀಸೆಲ್ ಬಸ್ಸು, ಲಾರಿ, ಪಂಪ್‌ಸೆಟ್ಟುಗಳಿಗೆ ಬೇಕು. ಸೀಮೆಎಣ್ಣೆ ಬಡವರ ದೀಪಕ್ಕೆ, ಸ್ಟೌವಿಗೆ ಬೇಕು. ಆದ್ದರಿಂದ ಅವುಗಳ ಬೆಲೆಯನ್ನು ತಡೆಹಿಡಿಯಬೇಕು. 1973ರ ಮಟ್ಟಿಗೆ ಈ ತರ್ಕದಲ್ಲಿ ಹುರುಳಿತ್ತು. ಆದರೆ ಮುಂದೆ ರಸ್ತೆಯ ಮೇಲಿನ ಜನ ಬದಲಾದರು. ತರ್ಕ ಹಾಗೆಯೇ ಉಳಿಯಿತು.

ಓರೆ ಮಾಡಿದ ಸ್ಕೂಟರು

ಎಪ್ಪತ್ತರ ದಶಕದ ಮಧ್ಯಮ ವರ್ಗ ಹೊಸ ಗಾಡಿ ಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಸ್ಕೂಟರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಹಾಗಾಗಿ ಇದ್ದ ಗಾಡಿಯಿಂದಲೇ ಕೊನೆಯ ಹನಿಯನ್ನೂ ಹಿಂಡುವ ಅಭ್ಯಾಸಗಳು ಬೆಳೆದವು. ಇಳಿಜಾರಿನಲ್ಲಿ ಎಂಜಿನ್ ಆರಿಸಿ ಬಿಡುವುದು, ಪೆಟ್ರೋಲು ಮುಗಿದು ಸ್ಕೂಟರು ನಿಂತರೆ ಅದನ್ನು ಒಂದು ಪಕ್ಕಕ್ಕೆ ಓರೆ ಮಾಡಿ ಮತ್ತೆ ಕಿಕ್ ಹೊಡೆಯುವುದು, ಬಂಕಿನಲ್ಲಿ ಒಂದೊಂದೇ ಲೀಟರ್ ಹಾಕಿಸುವುದು ಎಲ್ಲರಿಗೂ ಗೊತ್ತಿದ್ದ ವಿದ್ಯೆಗಳು. ಇಂಧನ ಉಳಿತಾಯದ ಪ್ರಚಾರಕ್ಕೆಂದೇ 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಹುಟ್ಟಿಕೊಂಡಿತು.

ಪುಟ್ಟ ವಾಹನಗಳಿಗೆ ದಾರಿ ತೆರೆದದ್ದೂ ಈ ಅವಧಿಯಲ್ಲಿಯೇ. ಪುಣೆಯ ಕೈನೆಟಿಕ್ ಕಂಪೆನಿಯ ಲೂನಾ ಮೊಪೆಡ್ 1972ರಲ್ಲೇ ಬಂದಿತ್ತು. ಬೆಂಗಳೂರಿನ ಸನ್‌ರೈಸ್ ಕಂಪೆನಿ ಎಪ್ಪತ್ತರ ದಶಕದ ಮಧ್ಯದಲ್ಲಿ ‘ಬಾದಲ್’ ಎಂಬ ಮೂರು ಗಾಲಿಯ, ಫೈಬರ್ ಮೈಯ ಕಾರನ್ನು ತಯಾರಿಸಿತು. ಬಾದಲ್ ಬಹುದಿನ ಬಾಳಲಿಲ್ಲ, ಮೊಪೆಡ್ ಬಾಳಿತು. 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50ರ ಮೇಲೆ ಇಬ್ಬರು ಕೂರಬಹುದಿತ್ತು. ಹಾಲಿನ ಕ್ಯಾನು, ಹೂವಿನ ಬುಟ್ಟಿ, ತರಕಾರಿ ಮೂಟೆಗಳೆಲ್ಲ ಸೈಕಲ್ಲಿನಿಂದ ಇಳಿದು ಅದನ್ನೇರಿದವು. ಅದುವರೆಗೆ ಪೆಟ್ರೋಲ್ ಬಂಕಿನ ಮುಖ ಕಾಣದಿದ್ದ ಒಂದು ವರ್ಗ ಹೀಗೆ ಪೆಟ್ರೋಲಿನ ಗಿರಾಕಿಯಾಯಿತು.

ಮೈಸೂರಿನ ಸದ್ದು ಅಡಗಿತು

ನಿಜವಾದ ತಿರುವು ಬಂದದ್ದು ಎಂಬತ್ತರ ದಶಕದ ನಡುವೆ. ಜಪಾನೀ ಕಂಪೆನಿಗಳ ಸಹಯೋಗದಲ್ಲಿ 100 ಸಿ.ಸಿ. ಬೈಕುಗಳು ಒಂದರ ಹಿಂದೊಂದು ಬಂದವು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಯಮಾಹಾ ಆರ್‌ಎಕ್ಸ್ 100. ಅದೇ 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ರ ಎಂಜಿನ್ ಮಾತ್ರ ಬೇರೆ ಬಗೆಯದು.

ಆಗಿನ ಸ್ಕೂಟರು, ಬೈಕುಗಳಲ್ಲಿ ಹೆಚ್ಚಿನವು ಎರಡು ಸ್ಟ್ರೋಕಿನವು. ಅವುಗಳಲ್ಲಿ ಸುಟ್ಟ ಹೊಗೆ ಹೊರಹೋಗುವ ಹೊತ್ತಿಗೇ ಹೊಸ ಪೆಟ್ರೋಲು-ಗಾಳಿಯ ಮಿಶ್ರಣ ಒಳಬರುತ್ತದೆ. ಅದರಲ್ಲಿ ಒಂದಂಶ ಸುಡದೆಯೇ ಹೊಗೆಯೊಡನೆ ಹೊರಗೆ ಹೋಗಿಬಿಡುತ್ತದೆ. ಸಾಲದ್ದಕ್ಕೆ ಎಂಜಿನ್ನಿಗೆ ಪೆಟ್ರೋಲಿನೊಂದಿಗೆ ಆಯಿಲ್ಲೂ ಸೇರಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಳಬರುವುದಕ್ಕೂ ಹೊರಹೋಗುವುದಕ್ಕೂ ಬೇರೆಬೇರೆ ಕವಾಟಗಳು, ಬೇರೆಬೇರೆ ಸರದಿ, ಪೋಲು ಕಡಿಮೆ. ಲೀಟರಿಗೆ 80 ಕಿ.ಮೀ. ಎಂದು ಹೀರೋ ಹೋಂಡಾ ಜಾಹೀರಾತು ಸಾರಿತು. ಪೆಟ್ರೋಲು ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದು ಅದರ ಘೋಷಣೆಯ ಸಾರ. ‘ಎಷ್ಟು ಕೊಡುತ್ತೆ?’ ಎಂಬ ಪ್ರಶ್ನೆಗೆ ಒಂದು ಕಂಪೆನಿ ಹೀಗೆ ಎದೆತಟ್ಟಿ ಉತ್ತರ ಹೇಳಿತ್ತು.

ಇದರ ಬಿಸಿ ತಟ್ಟಿದ ಊರುಗಳಲ್ಲಿ ಮೈಸೂರೂ ಒಂದು. 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಆಮೇಲೆ ಯೆಜ್ದಿ ಬೈಕುಗಳು ತಯಾರಾಗುತ್ತಿದ್ದವು. ಜೋಡಿ ಸೈಲೆನ್ಸರಿನ ಅವುಗಳ ಸದ್ದನ್ನು ದೂರದಿಂದಲೇ ಗುರುತಿಸುವವರಿದ್ದರು. ಗಟ್ಟಿತನದಲ್ಲಿ ಅವಕ್ಕೆ ಸಾಟಿ ಇರಲಿಲ್ಲ. ಆದರೆ 250 ಸಿ.ಸಿ.ಯ ಎರಡು ಸ್ಟ್ರೋಕ್ ಎಂಜಿನ್ ಲೀಟರಿಗೆ 30 ಕಿ.ಮೀ. ಆಸುಪಾಸು ಕೊಡುವಂಥದ್ದು. ಅದರ ಎರಡರಷ್ಟಕ್ಕೂ ಹೆಚ್ಚು ಕೊಡುವ ಬೈಕು ಪಕ್ಕದ ಅಂಗಡಿಯಲ್ಲಿ ನಿಂತಿರುವಾಗ ಸಂಬಳದ ಗುಮಾಸ್ತ ಯಾವುದನ್ನು ಕೊಂಡಾನು? ಕಾರ್ಖಾನೆಯ ಅವನತಿಗೆ ಬೇರೆ ಕಾರಣಗಳೂ ಇದ್ದವು. ಅದೇನೇ ಇರಲಿ, 1996ರಲ್ಲಿ ಅದು ಬಾಗಿಲು ಮುಚ್ಚಿತು. ಐದು ವರ್ಷಗಳ ನಂತರ, 2001ರಲ್ಲಿ, ಹೀರೋ ಹೋಂಡಾ ದ್ವಿಚಕ್ರ ವಾಹನ ತಯಾರಿಕೆಯಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೇರಿತು.

ಉಳಿತಾಯದ ವಿಚಿತ್ರ

ಗಾಡಿಗಳು ಇಷ್ಟು ಮಿತವ್ಯಯಿಗಳಾದ ಮೇಲೆ ದೇಶದಲ್ಲಿ ಪೆಟ್ರೋಲಿನ ಖರ್ಚು ಇಳಿಯಬೇಕಿತ್ತು. ಆದದ್ದು ತದ್ವಿರುದ್ಧ. ಎಪ್ಪತ್ತರ ದಶಕದಲ್ಲಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದ ಪೆಟ್ರೋಲು ಬಳಕೆ 1980-81ರಲ್ಲಿ ಸುಮಾರು 15 ಲಕ್ಷ ಟನ್ ಇತ್ತು. 1990-91ರಲ್ಲಿ 35 ಲಕ್ಷ ಟನ್ ಮುಟ್ಟಿತು. ಈ ವಿಚಿತ್ರವನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿಯೇ ಕಲ್ಲಿದ್ದಲಿನ ವಿಷಯದಲ್ಲಿ ಗುರುತಿಸಿದ್ದ. ಕಡಿಮೆ ಇದ್ದಲಿನಲ್ಲಿ ಹೆಚ್ಚು ಕೆಲಸ ಮಾಡುವ ಯಂತ್ರ ಬಂದರೆ ಯಂತ್ರಗಳ ಸಂಖ್ಯೆಯೇ ಹೆಚ್ಚಿ ಒಟ್ಟು ಖರ್ಚು ಏರುತ್ತದೆ ಎಂಬುದು ಅವನ ವಾದ. ಆದಾಯ ಏರಿದ್ದು, 1983ರ ಕೊನೆಗೆ ಮಾರುತಿ 800 ಬಂದದ್ದು ಇತ್ಯಾದಿ ಕಾರಣಗಳೂ ಇಲ್ಲಿ ಸೇರಿದ್ದವು ನಿಜ. ಆದರೂ ಕಿಲೋಮೀಟರಿನ ಖರ್ಚು ಇಳಿದದ್ದರಿಂದಲೇ ಸೈಕಲ್ಲು, ಬಸ್ಸುಗಳನ್ನು ಬಿಟ್ಟು ಬೈಕು ಹತ್ತಿದವರು ಲಕ್ಷಾಂತರ.

ಬೆಲೆಯ ಇನ್ನೊಂದು ಆಟ ಡೀಸೆಲಿನದು. ಪೆಟ್ರೋಲಿಗಿಂತ ಅದು ಅಗ್ಗವಾಗಿ ಉಳಿದದ್ದರಿಂದ 1980ರ ಸುಮಾರಿಗೆ ಬಂದ ಡೀಸೆಲ್ ಅಂಬಾಸಿಡರ್ ಟ್ಯಾಕ್ಸಿ ಮಾಲೀಕರ ಮೆಚ್ಚಿನ ಕಾರಾಯಿತು. 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲಿನ ಬೆಲೆಯ ಮೇಲಿನ ಹತೋಟಿ ಬಿಟ್ಟು, ಡೀಸೆಲಿನ ಹತೋಟಿ ಉಳಿಸಿಕೊಂಡಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲು 73 ರೂಪಾಯಿ ದಾಟಿದಾಗ ಡೀಸೆಲ್ 41 ರೂಪಾಯಿ ಆಸುಪಾಸಿನಲ್ಲಿತ್ತು. ಆ ಹೊತ್ತಿಗೆ ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಡೀಸೆಲಿನವು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಹತೋಟಿಯೂ ಹೋಗಿ ಅಂತರ ಕುಗ್ಗಿತು. ಡೀಸೆಲ್ ಕಾರಿನ ಮೋಹವೂ ಇಳಿಯಿತು. ಹೊಗೆಯ ನಿಯಮಗಳು ಬಿಗಿಯಾದ 2020ರ ಏಪ್ರಿಲ್‌ನಲ್ಲಿ ಮಾರುತಿ ಕಂಪೆನಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು.

ಹೊರೆ ಯಾರ ಮೇಲೆ?

ಇಲ್ಲಿ 1973ರ ತರ್ಕವನ್ನು ಮತ್ತೆ ನೆನೆಯಬೇಕು. 2013ರಲ್ಲಿ ಪೆಟ್ರೋಲಿಯಂ ಸಚಿವಾಲಯದ ಅಂಗಸಂಸ್ಥೆಗಾಗಿ ನಡೆದ ದೇಶವ್ಯಾಪಿ ಸಮೀಕ್ಷೆಯಲ್ಲಿ, ಬಂಕುಗಳಲ್ಲಿ ಮಾರಾಟವಾಗುವ ಪೆಟ್ರೋಲಿನ ಶೇ 60ಕ್ಕಿಂತ ಹೆಚ್ಚು ಭಾಗ ದ್ವಿಚಕ್ರ ವಾಹನಗಳಿಗೆ ಹೋಗುತ್ತದೆಂದು ಕಂಡುಬಂತು. ಕಾರುಗಳ ಪಾಲು ಮೂರನೆಯ ಒಂದರಷ್ಟು. ಅಂದರೆ ಉಳ್ಳವರಿಗೆಂದು ಹಾಕಿದ ತೆರಿಗೆಯನ್ನು ಹೆಚ್ಚಾಗಿ ಕಟ್ಟುತ್ತಿದ್ದವರು ಬೈಕಿನ ಗುಮಾಸ್ತ, ಮೊಪೆಡ್ಡಿನ ಹಾಲಿನವ. ಲಾರಿ, ಪಂಪ್‌ಸೆಟ್ಟುಗಳಿಗೆಂದು ತಡೆಹಿಡಿದ ಡೀಸೆಲಿನ ಬೆಲೆ, ಅದೇ ಕಾಲದಲ್ಲಿ ದುಬಾರಿ ಕಾರಿನ ಒಡೆಯರಿಗೂ ಒದಗಿತ್ತು.

ಆಟೊ ಚಾಲಕರ ಸ್ಥಿತಿ ಇನ್ನೂ ಇಕ್ಕಟ್ಟಿನದು. 2017ರ ಜೂನ್‌ನಿಂದ ಪೆಟ್ರೋಲು, ಡೀಸೆಲ್ ಬೆಲೆ ದಿನದಿನವೂ ಪರಿಷ್ಕರಣೆಯಾಗುವ ಪದ್ಧತಿ ಬಂತು. ಆಟೊದ ಮೀಟರ್ ದರ ಹಾಗಲ್ಲ. ಬೆಂಗಳೂರಿನಲ್ಲಿ 2013ರಲ್ಲಿ 25 ರೂಪಾಯಿಗೆ ನಿಗದಿಯಾದ ಕನಿಷ್ಠ ದರ 30 ರೂಪಾಯಿ ಆದದ್ದು 2021ರ ಡಿಸೆಂಬರಿನಲ್ಲಿ. ಅದೇ ವರ್ಷದ ಜೂನ್‌ನಲ್ಲಿ ನಗರದಲ್ಲಿ ಪೆಟ್ರೋಲು ಲೀಟರಿಗೆ 100 ರೂಪಾಯಿ ದಾಟಿತ್ತು. ಚಾಲಕರು ಗ್ಯಾಸಿಗೆ ಬದಲಾಗಿದ್ದೂ ಅದರ ಬೆಲೆಯೂ ಇದ್ದಲ್ಲೇ ಇರಲಿಲ್ಲ.

ವಿದ್ಯುತ್ ವಾಹನದ ಕಥೆಯೂ ಇದೇ ಪಾಠ ಹೇಳುತ್ತದೆ. ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರು 2001ರಲ್ಲೇ ಮಾರುಕಟ್ಟೆಗೆ ಬಂದಾಗ ಇಲ್ಲಿ ಕೊಂಡವರು ಕಡಿಮೆ. ಅದೇ ಕಾರು ಲಂಡನ್ನಿನಲ್ಲಿ ಹೆಸರು ಮಾಡಿತು. 2003ರಿಂದ ಆ ನಗರದ ನಡುಭಾಗಕ್ಕೆ ಕಾರು ತರಲು ಶುಲ್ಕ ಬಂದಿತ್ತು, ವಿದ್ಯುತ್ ಕಾರಿಗೆ ವಿನಾಯಿತಿ ಇತ್ತು. ಪೆಟ್ರೋಲು ನೂರು ದಾಟಿದ ಮೇಲೆ ನಮ್ಮಲ್ಲೂ ಬ್ಯಾಟರಿ ಸ್ಕೂಟರುಗಳು ಬೀದಿಬೀದಿಯಲ್ಲಿ ಕಾಣತೊಡಗಿದವು. ಸರ್ಕಾರದ ಸಹಾಯಧನವೂ ಅವಕ್ಕೆ ಆಸರೆಯಾಯಿತು. ಆದರೆ ಅದನ್ನು ಕೊಳ್ಳಲು ಮೊದಲೇ ದೊಡ್ಡ ಮೊತ್ತ ಬೇಕು, ರಾತ್ರಿ ಚಾರ್ಜಿಗೆ ಹಾಕಲು ಮನೆಯ ಮುಂದೆ ಜಾಗ ಬೇಕು. ವಠಾರದ ಮೇಲ್ಮಹಡಿಯ ಬಾಡಿಗೆದಾರನಿಗೆ ಎರಡೂ ಕಷ್ಟ.

ಐವತ್ತು ವರ್ಷಗಳ ಹಿಂದೆ ಸ್ಕೂಟರನ್ನು ಓರೆ ಮಾಡಿದವನಿಗೂ ಇಂದು ಬಂಕಿನಲ್ಲಿ ನೂರು ರೂಪಾಯಿಯದ್ದು ಮಾತ್ರ ಹಾಕಿಸುವವನಿಗೂ ಇರುವ ಕಷ್ಟ ಒಂದೇ: ಗಾಡಿ ಬದಲಿಸುವ ಅನುಕೂಲವಿಲ್ಲ, ಗಾಡಿ ಬಿಟ್ಟು ಹೋಗಲು ಹತ್ತಿರದಲ್ಲಿ ಬಸ್ಸೂ ಇಲ್ಲ. ಬೆಲೆ ಏರಿದರೆ ಜನ ತಾವಾಗಿ ದಾರಿ ಕಂಡುಕೊಳ್ಳುತ್ತಾರೆ ಎಂದು ಹೇಳುವವರು ಆ ದಾರಿ ಯಾರಿಗೆಲ್ಲ ತೆರೆದಿದೆ ಎಂಬುದನ್ನೂ ನೋಡಬೇಕಾಗುತ್ತದೆ.